ನಿವೃತ್ತಿ ನೌಕರಿಗೆ, ಬದುಕಿಗಲ್ಲ

"ರಿಟೈರ್ ಆಗೋ ತನಕ ಏನೂ ಇರಲಿಲ್ರೀ ಡಾಕ್ಟ್ರೇ. ಈಗ ನಿದ್ದಿ ಬರಂಗಿಲ್ಲ, ಊಟ ಸೇರಂಗಿಲ್ಲ, ಮೈ ಕೈ ನೋವು." ಹೊರರೋಗಿ ವಿಭಾಗಕ್ಕೆ ಬರುವ ಹಿರಿಯರಲ್ಲಿ ಹಲವರ ಮಾತು ಹೀಗೇ ಇರುತ್ತದೆ. ರಕ್ತ ಪರೀಕ್ಷೆ, ಇ.ಸಿ.ಜಿ. ಎಲ್ಲ ಮಾಡಿಸಿದರೂ ಕೆಲವರಲ್ಲಿ ದೊಡ್ಡ ಕಾಯಿಲೆ ಏನೂ ಕಾಣುವುದಿಲ್ಲ. ಸಮಾಧಾನದಿಂದ ಮಾತನಾಡಿಸಿದಾಗ ವಿಷಯ ತಿಳಿಯುತ್ತದೆ. ಮೂವತ್ತು ವರ್ಷ ಬೆಳಿಗ್ಗೆ ಎದ್ದು ಶಾಲೆಗೋ, ಕಚೇರಿಗೋ, ಬಸ್ ಡಿಪೋಗೋ ಹೊರಡುತ್ತಿದ್ದವರಿಗೆ ಈಗ ಹೊರಡಲು ಜಾಗವೇ ಇಲ್ಲ. ಹೊಲವನ್ನು ಮಕ್ಕಳಿಗೆ ಒಪ್ಪಿಸಿ ಕಟ್ಟೆಯ ಮೇಲೆ ಕುಳಿತ ರೈತನ ಸ್ಥಿತಿಯೂ ಇದೇ.

ನಮ್ಮ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ನಮ್ಮ ದೇಶದಲ್ಲಿ 60 ದಾಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಹುಟ್ಟಿದ ಮಗು ಬೆಳೆದು ಮತದಾನದ ಹಕ್ಕು ಪಡೆಯುವಷ್ಟು ಕಾಲ ಅದು. ಇಷ್ಟು ಕಾಲವನ್ನು ಸುಮ್ಮನೆ ಕುಳಿತು ಕಳೆಯುವುದೇ ಒಂದು ರೋಗಕ್ಕೆ ದಾರಿ.

ಒಂದು ಉದಾಹರಣೆ

ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1973ರಲ್ಲಿ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಕೆಲಸ ಪೂರ್ಣಗೊಂಡಾಗ ಅವರಿಗೆ 80 ದಾಟಿತ್ತು. 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಆರಂಭಿಸಿದ್ದು 1991ರಲ್ಲಿ. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರ ವಯಸ್ಸು 97. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಆಯುಷ್ಯ ಎಲ್ಲರಿಗೂ ಸಿಗದು. ಆದರೆ ಅವರು ತಮಗೆ ಗೊತ್ತಿದ್ದ ಕೆಲಸವನ್ನೇ ಮುಂದುವರಿಸಿದರು ಎಂಬುದನ್ನು ಗಮನಿಸಿ. ಮೇಷ್ಟ್ರಾಗಿದ್ದವರು ಓಣಿಯ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡಬಹುದು. ಗುಮಾಸ್ತರಾಗಿದ್ದವರು ಅರ್ಜಿ ಬರೆಯಲು ಬಾರದವರಿಗೆ ನೆರವಾಗಬಹುದು. ರೈತರು ಬೀಜ, ಮಳೆಯ ಅನುಭವವನ್ನು ಕಿರಿಯರಿಗೆ ಕೊಡಬಹುದು. ಸಂಬಳ ನಿಂತರೂ ಕಾಯಕ ನಿಲ್ಲಬೇಕಾಗಿಲ್ಲ.

ದೇಹಕ್ಕೆ

1. ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ, ಚುರುಕಾಗಿ ನಡೆಯಿರಿ. ನಮ್ಮ ಸೀಮೆಯ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಕೊಟ್ಟೂರು ತೇರಿಗೆ ನಡೆದು ಬರುವವರಲ್ಲಿ ವಯಸ್ಸಾದವರೂ ಇರುತ್ತಾರೆ. ಆ ಶಕ್ತಿ ಒಂದೇ ದಿನಕ್ಕೆ ಬಂದದ್ದಲ್ಲ, ದಿನದ ರೂಢಿಯಿಂದ ಬಂದದ್ದು. ಹೃದ್ರೋಗ ಅಥವಾ ಮೊಣಕಾಲು ನೋವು ಇದ್ದವರು ಮೊದಲು ವೈದ್ಯರನ್ನು ಕೇಳಿ.

2. ಗೋಡೆ ಅಥವಾ ಕುರ್ಚಿ ಹಿಡಿದು ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸ ಮಾಡಿ. ಇದರಿಂದ ಬೀಳುವ ಅಪಾಯ ಕಡಿಮೆಯಾಗುತ್ತದೆ. ಬಚ್ಚಲು ಜಾರದಂತೆ ನೋಡಿಕೊಳ್ಳಿ, ರಾತ್ರಿ ಏಳುವ ದಾರಿಯಲ್ಲಿ ಸಣ್ಣ ದೀಪ ಇರಲಿ.

3. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಒಳ್ಳೆಯದೇ. ಜೊತೆಗೆ ಬೇಳೆ, ಕಾಳುಪಲ್ಯ, ಮೊಸರು ಇರಲಿ. ಉಪ್ಪು ದಿನಕ್ಕೆ ಒಂದು ಸಣ್ಣ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿಯ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

4. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು "ಈಗ ಆರಾಮ ಇದೀನಿ" ಎಂದು ಸ್ವಂತವಾಗಿ ನಿಲ್ಲಿಸಬೇಡಿ. ನೀವು ಆರಾಮ ಇರುವುದು ಆ ಮಾತ್ರೆಯಿಂದಲೇ ಇರಬಹುದು.

ಮನಸ್ಸಿಗೆ

ಎರಡು ವಾರಕ್ಕೂ ಹೆಚ್ಚು ಕಾಲ ಬೇಸರ, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, "ನಾನಿದ್ದು ಏನು ಉಪಯೋಗ" ಎಂಬ ಮಾತು ಕಂಡರೆ ಅದು ಖಿನ್ನತೆ ಇರಬಹುದು. ವಯಸ್ಸಾದ ಮೇಲೆ ಇದೆಲ್ಲ ಸಹಜ ಎಂದು ಬಿಡಬೇಡಿ. ಇದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು. ಕಿವಿ ಮಂದವಾದವರು, ಕಣ್ಣಿಗೆ ಪೊರೆ ಬಂದವರು ನಾಲ್ಕು ಜನರಿಂದ ದೂರವಾಗಿ ಒಂಟಿಯಾಗುತ್ತಾರೆ. ಆದ್ದರಿಂದ ಕಣ್ಣು, ಕಿವಿ ಪರೀಕ್ಷೆ ವರ್ಷಕ್ಕೊಮ್ಮೆ ಆಗಲಿ.

ಹಣಕ್ಕೆ

ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲ ಒಂದೇ ಸಲಕ್ಕೆ ಮನೆ, ಮದುವೆಗೆ ಖರ್ಚು ಮಾಡಬೇಡಿ. ಔಷಧಿಗೆ, ಆಪತ್ತಿಗೆ ಒಂದು ಭಾಗ ನಿಮ್ಮ ಹೆಸರಿನಲ್ಲೇ ಉಳಿಯಲಿ. ಆಸ್ತಿಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವವರು "ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಹಾಗೆ ಬರೆಸಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಆ ವರ್ಗಾವಣೆಯನ್ನು ರದ್ದುಪಡಿಸಲು ಕೋರಬಹುದು. ಮಕ್ಕಳ ಮೇಲೆ ಅಪನಂಬಿಕೆಯಿಂದ ಹೇಳುವ ಮಾತಲ್ಲ ಇದು. ಮುಂದೆ ಮನಸ್ತಾಪ ಬಾರದಿರಲಿ ಎಂದು ಹೇಳುವ ಮಾತು. ಪಿಂಚಣಿ ಇಲ್ಲದ ಬಡವರು 65 ತುಂಬಿದ್ದರೆ ಸಂಧ್ಯಾ ಸುರಕ್ಷಾ ಯೋಜನೆಗೆ ನಾಡಕಚೇರಿಯಲ್ಲಿ ವಿಚಾರಿಸಿ.

"ಬ್ಯಾಂಕಿನಿಂದ ಮಾತಾಡ್ತೀವಿ, ಪೊಲೀಸರು ಮಾತಾಡ್ತೀವಿ" ಎಂದು ಫೋನಿನಲ್ಲಿ ಹೆದರಿಸಿ ಓ.ಟಿ.ಪಿ. ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮನೆಯವರಿಗೆ ಒಂದು ಮಾತು

ಹಿರಿಯರಿಗೆ "ನೀವು ಸುಮ್ಮನೆ ಕೂತ್ಕೊಳ್ಳಿ" ಎನ್ನುವುದನ್ನು ಪ್ರೀತಿ ಎಂದುಕೊಂಡಿದ್ದೇವೆ. ಸಂತೆಯಿಂದ ಕಾಯಿಪಲ್ಯ ತರುವುದು, ಮೊಮ್ಮಗನನ್ನು ಶಾಲೆಗೆ ಬಿಡುವುದು, ಹೊಲದ ಲೆಕ್ಕ ಬರೆಯುವುದು, ಯಾವುದಾದರೂ ಒಂದು ಕೆಲಸ ಅವರದೇ ಆಗಿರಲಿ. ಆದರೆ ಎಲ್ಲ ಕೆಲಸವನ್ನೂ ಅವರ ತಲೆಗೆ ಕಟ್ಟಬೇಡಿ. ಮನೆಯ ಅವ್ವನಿಗಂತೂ ಒಲೆಯ ಕೆಲಸದಿಂದ ನಿವೃತ್ತಿ ಎಂಬುದೇ ಇಲ್ಲ. ಆಕೆಗೂ ವಿಶ್ರಾಂತಿ, ನಡಿಗೆ, ಗೆಳತಿಯರ ಜೊತೆ ಮಾತು ಬೇಕು.

ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಒಂದು ಕೈ ಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು ಕಂಡರೆ "ನಾಳೆ ನೋಡೋಣ" ಎನ್ನದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಮಿಕ್ಕ ದಿನಗಳಲ್ಲಿ ಹಿರಿಯರ ಹತ್ತಿರ ಹತ್ತು ನಿಮಿಷ ಕುಳಿತು ಮಾತನಾಡಿ. ಯಾವ ಔಷಧಿ ಅಂಗಡಿಯಲ್ಲೂ ಸಿಗದ ಮದ್ದು ಅದು.