ಟ್ಯೂನರ್ ಕಾರ್ಡು ಕೊಳ್ಳುವ ಮುನ್ನ

ಕಂಪ್ಯೂಟರಿನಲ್ಲೇ ಟಿ.ವಿ. ನೋಡುವ ಆಸೆಯಿಂದ ಟ್ಯೂನರ್ ಕಾರ್ಡು ಕೊಳ್ಳಹೊರಟವರು ಮೊದಲು ಕೇಳುವುದು ಬೆಲೆಯನ್ನು. ಕೇಳಬೇಕಾದದ್ದು ಬೇರೆ: ಮನೆಗೆ ಬರುತ್ತಿರುವ ಸಿಗ್ನಲ್ ಯಾವುದು?

1990ರ ದಶಕದಲ್ಲಿ ಉತ್ತರ ಸುಲಭವಿತ್ತು. ಭಾರತದ ಪ್ರಸಾರ ಪಾಲ್ ಪದ್ಧತಿಯದು: ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸುಮಾರು 30 ಚಿತ್ರ. ಅಲ್ಲಿನ ಪದ್ಧತಿಗಷ್ಟೇ ಹೊಂದುವ ಕಾರ್ಡನ್ನು ನೆಂಟರು ಪ್ರೀತಿಯಿಂದ ತಂದುಕೊಟ್ಟರೂ ಇಲ್ಲಿ ಪ್ರಯೋಜನವಿರಲಿಲ್ಲ.

ಅಂದಿನ ಅನೇಕ ಕಾರ್ಡುಗಳ ಜೀವಾಳ ಬಿಟಿ848, ಬಿಟಿ878 ಎಂಬ ಚಿಪ್‌ಗಳು. ಅವು ಚಿತ್ರವನ್ನು ಅಂಕಿಗಳನ್ನಾಗಿಸುತ್ತಿದ್ದವೇ ಹೊರತು ಕುಗ್ಗಿಸುತ್ತಿರಲಿಲ್ಲ. ಕುಗ್ಗಿಸದ ಪೂರ್ಣ ಪಾಲ್ ಚಿತ್ರವೆಂದರೆ ಸೆಕೆಂಡಿಗೆ ಸುಮಾರು 20 ಮೆಗಾಬೈಟ್, ಗಂಟೆಗೆ 70 ಗಿಗಾಬೈಟ್‌ಗೂ ಹೆಚ್ಚು. ಅಂದಿನ ಹಾರ್ಡ್ ಡಿಸ್ಕಿಗೆ ಅದೆಲ್ಲಿಯ ಮಾತು! ಕುಗ್ಗಿಸುವ ದುಡಿಮೆಯೆಲ್ಲ ಕಂಪ್ಯೂಟರಿನ ಮೇಲೆಯೇ ಬೀಳುತ್ತಿತ್ತು. ಧಾರಾವಾಹಿ ರೆಕಾರ್ಡ್ ಮಾಡಿಕೊಳ್ಳಬೇಕೆನ್ನುವವರು ಹೆಚ್ಚು ಹಣ ತೆತ್ತು, ಎಂಪೆಗ್ ಚಿಪ್ ಕಾರ್ಡಿನಲ್ಲೇ ಇರುವಂಥದನ್ನು ಆರಿಸುವುದು ಲೇಸಾಗಿತ್ತು.

ಈಗ ಸಿಗ್ನಲ್ಲೇ ಬದಲಾಗಿದೆ. 2012ರಲ್ಲಿ ಆರಂಭವಾದ ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತಕ್ಕೆ ಬೆಂಗಳೂರು, ಮೈಸೂರು ಸೇರಿದ್ದವು. ಗಡುವು 2013ರ ಮಾರ್ಚ್ 31. ಸೆಟ್‌ಟಾಪ್ ಬಾಕ್ಸಿಗೆ ಬರುವ ಬೀಗ ಹಾಕಿದ ಚಾನೆಲ್‌ಗಳನ್ನು ಸಾಮಾನ್ಯ ಕಾರ್ಡು ತೆರೆಯಲಾರದು. ಡಿಶ್ ಇದ್ದವರು ಉಪಗ್ರಹ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್ ಕಾರ್ಡಿನಲ್ಲಿ ಡಿ.ಡಿ. ಫ್ರೀ ಡಿಶ್‌ನ ಬೀಗವಿಲ್ಲದ ಚಾನೆಲ್‌ಗಳನ್ನು ನೋಡಬಹುದು.

ಹಾಗೆಂದು ಹಳೆಯ ಕಾರ್ಡನ್ನು ಗುಜರಿಗೆ ಹಾಕಬೇಕಿಲ್ಲ. ಅದರಲ್ಲಿ ವಿಡಿಯೊ ಇನ್‌ಪುಟ್ ಇದ್ದರೆ ವಿ.ಸಿ.ಆರ್. ಜೋಡಿಸಿ, ಬೂಸ್ಟು ಹಿಡಿಯುತ್ತಿರುವ ಮದುವೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಹೊಸ ಕಂಪ್ಯೂಟರುಗಳಲ್ಲಿ ಹಳೆಯ ಪಿಸಿಐ ಸ್ಲಾಟ್ ಸಿಗುವುದು ಅಪರೂಪ; ಆ ಕೆಲಸಕ್ಕೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯೇ ಬೇಕು.