ಇಂಧನ ಮಿತವ್ಯಯದ ವಸತಿ ಬಡಾವಣೆ: ನಕ್ಷೆಯ ಹಂತದಲ್ಲಿಯೇ ಕೈಗೊಳ್ಳಬೇಕಾದ ಕ್ರಮಗಳು

ಪೀಠಿಕೆ

ಮನೆಯ ಇಂಧನ ಬಳಕೆಯ ಕುರಿತು ಸಾಮಾನ್ಯವಾಗಿ ಯೋಚಿಸುವುದು ಕಟ್ಟಡ ಪೂರ್ಣಗೊಂಡು ವಿದ್ಯುತ್ ಬಿಲ್ಲು ಕೈಸೇರಿದ ನಂತರ. ಆದರೆ ರಸ್ತೆಗಳ ದಿಕ್ಕು, ನಿವೇಶನಗಳ ಮುಖ, ಉಳಿಸಿಕೊಂಡ ಮರಗಳು ಹಾಗೂ ಮಳೆನೀರಿನ ಹಾದಿ ಇವುಗಳಿಂದ ಆ ಬಳಕೆಯ ಬಹುಭಾಗವು ಮೊದಲೇ ನಿರ್ಧಾರವಾಗಿರುತ್ತದೆ. ನಕ್ಷೆಯ ಹಂತದಲ್ಲಿ ಇವುಗಳನ್ನು ಸರಿಪಡಿಸಲು ಹೆಚ್ಚಿನ ವೆಚ್ಚವಿಲ್ಲ. ರಸ್ತೆ, ಚರಂಡಿಗಳು ನಿರ್ಮಾಣವಾದ ಬಳಿಕ ಸರಿಪಡಿಸುವುದು ಬಹುತೇಕ ಅಸಾಧ್ಯ. ಆದ್ದರಿಂದ ಬಡಾವಣೆ ನಿರ್ಮಿಸುವವರು, ಗೃಹನಿರ್ಮಾಣ ಸಹಕಾರ ಸಂಘಗಳು ಹಾಗೂ ನಿವೇಶನ ಖರೀದಿಸುವ ನಾಗರಿಕರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ನೀರಿನ ಹಾದಿ

ಮೊದಲು ಗುರುತಿಸಬೇಕಾದುದು ಭೂಮಿಯ ಇಳಿಜಾರು ಮತ್ತು ರಾಜಕಾಲುವೆ. 2022ರ ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಹಲವು ಬಡಾವಣೆಗಳು ಜಲಾವೃತಗೊಂಡು, ನಿವಾಸಿಗಳನ್ನು ದೋಣಿ ಹಾಗೂ ಟ್ರ್ಯಾಕ್ಟರ್‌ಗಳಲ್ಲಿ ಸ್ಥಳಾಂತರಿಸಬೇಕಾಯಿತು. 2024ರ ಬೇಸಿಗೆಯಲ್ಲಿ ಅದೇ ಭಾಗದಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರನ್ನು ಅವಲಂಬಿಸಬೇಕಾಯಿತು. ನೆಲಕ್ಕೆ ಇಂಗಬೇಕಾದ ನೀರಿಗೆ ಅವಕಾಶವಿಲ್ಲದಿದ್ದಲ್ಲಿ ನೆರೆ ಮತ್ತು ಬರ ಎರಡೂ ಒಂದೇ ಸ್ಥಳವನ್ನು ಕಾಡುತ್ತವೆ.

100 ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 100 ಲೀಟರ್ ನೀರು ದೊರೆಯುತ್ತದೆ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಇದರಲ್ಲಿ ಶೇ. 80ರಷ್ಟನ್ನು ಸಂಗ್ರಹಿಸಿದರೂ ವರ್ಷಕ್ಕೆ ಸುಮಾರು 77,000 ಲೀಟರ್ ಲಭ್ಯ. ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯ ಮೂಲಕ ಕಡ್ಡಾಯಗೊಳಿಸಲಾಯಿತು. ಪ್ರತಿ ಮನೆಯ ತೊಟ್ಟಿಯ ಜೊತೆಗೆ ಉದ್ಯಾನವನದಲ್ಲಿ ಸಾಮೂಹಿಕ ಇಂಗುಬಾವಿಗಳನ್ನು ಯೋಜಿಸುವುದು ಸೂಕ್ತ. ದೂರದಿಂದ ಅಥವಾ ಆಳದಿಂದ ಪಂಪ್ ಮಾಡುವ ನೀರು ಕಡಿಮೆಯಾದಷ್ಟೂ ವಿದ್ಯುತ್ತಿನ ಉಳಿತಾಯವಾಗುತ್ತದೆ.

2. ಸೂರ್ಯ ಮತ್ತು ಗಾಳಿ

ನಮ್ಮ ರಾಜ್ಯದಲ್ಲಿ ಪೂರ್ವ ಮತ್ತು ಪಶ್ಚಿಮದ ಗೋಡೆಗಳ ಮೇಲೆ ಬಿಸಿಲು ಓರೆಯಾಗಿ ಬೀಳುವುದರಿಂದ ಅದನ್ನು ಸಜ್ಜಾಗಳಿಂದ ತಡೆಯುವುದು ಕಷ್ಟ. ಉತ್ತರ ಮತ್ತು ದಕ್ಷಿಣದ ಗೋಡೆಗಳಿಗೆ ಚಿಕ್ಕ ಸಜ್ಜಾ ಸಾಕಾಗುತ್ತದೆ. ಆದುದರಿಂದ ಬಹುಪಾಲು ರಸ್ತೆಗಳನ್ನು ಪೂರ್ವ–ಪಶ್ಚಿಮವಾಗಿ ಹಾಯಿಸಿದರೆ ಮನೆಗಳ ಮುಖ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಬರುತ್ತದೆ; ಪಕ್ಕದ ಗೋಡೆಗಳಿಗೆ ನೆರೆಮನೆಯೇ ನೆರಳಾಗುತ್ತದೆ.

ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆಯ ಪ್ರಕಾರ ಗೋಡೆ ಹಾಗೂ ಕಿಟಕಿಗಳ ಮೂಲಕ ಒಳಬರುವ ಶಾಖವು ಪ್ರತಿ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು. ತೆರೆಯಬಹುದಾದ ಕಿಟಕಿ–ಬಾಗಿಲುಗಳ ವಿಸ್ತೀರ್ಣವು ನೆಲದ ವಿಸ್ತೀರ್ಣದ ಕನಿಷ್ಠ ಶೇ. 12.5 (ಬೆಂಗಳೂರಿನಂತಹ ಸಮಶೀತೋಷ್ಣ ಪ್ರದೇಶ) ಅಥವಾ ಶೇ. 16.66 (ಮಂಗಳೂರಿನಂತಹ ಆರ್ದ್ರ ಪ್ರದೇಶ) ಇರತಕ್ಕದ್ದು. ಎದುರುಬದುರು ಕಿಟಕಿಗಳಿದ್ದಲ್ಲಿ ಹವಾನಿಯಂತ್ರಣ ಯಂತ್ರದ ಅಗತ್ಯ ಗಣನೀಯವಾಗಿ ತಗ್ಗುತ್ತದೆ. ಚಾವಣಿಗೆ ಬಿಳಿ ಬಣ್ಣ ಬಳಿಯುವುದು ಅತ್ಯಂತ ಅಗ್ಗದ ಉಪಾಯವಾಗಿದೆ.

ನೆರೆಯ ಕಟ್ಟಡದ ನೆರಳು ಬೀಳದಂತೆ ಎತ್ತರಗಳನ್ನು ನಿಗದಿಪಡಿಸಿದರೆ ಮಾತ್ರ ಸೌರ ಜಲತಾಪಕ ಮತ್ತು ಸೌರ ಫಲಕಗಳು ಫಲ ನೀಡುತ್ತವೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗಷ್ಟೇ ಅಲ್ಲದೆ ನಿವಾಸಿಗಳ ಸಂಘಗಳ ಸಾಮೂಹಿಕ ಸೌಲಭ್ಯಗಳಿಗೂ ಸಹಾಯಧನವನ್ನು ಕಲ್ಪಿಸಲಾಗಿದೆ.

3. ನಿರ್ಮಾಣ ಸಾಮಗ್ರಿ

ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವ ಇಂಗಾಲದ ಡೈ ಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸುಣ್ಣದ ಕಲ್ಲಿನಿಂದಲೇ ಬರುತ್ತದೆ. ಇಂಧನ ಬದಲಿಸಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಇಟ್ಟಿಗೆಯನ್ನು ಸುಡಲು ಸೌದೆ ಅಥವಾ ಕಲ್ಲಿದ್ದಲು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಸುಡದೆಯೇ ಒತ್ತಿ ತಯಾರಿಸುವ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿದೆ. ಇದಕ್ಕೆ ಸುಮಾರು ಶೇ. 7ರಷ್ಟು ಸಿಮೆಂಟ್ ಸಾಕು. ಪಾಯ ಅಗೆದ ಮಣ್ಣನ್ನೇ ಬಳಸಬಹುದಾದರೂ ಮೊದಲು ಪರೀಕ್ಷಿಸತಕ್ಕದ್ದು. ಜಿಗುಟಾದ ಎರೆಮಣ್ಣು ನೇರವಾಗಿ ಒದಗುವುದಿಲ್ಲ. ಕರಾವಳಿಯ ಮುರಕಲ್ಲು, ಉತ್ತರ ಕರ್ನಾಟಕದ ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆ, ಮಲೆನಾಡಿನ ತೊಟ್ಟಿಮನೆ ಇವೆಲ್ಲವೂ ಆಯಾ ಹವಾಮಾನಕ್ಕೆ ಒಪ್ಪುವ ಮಾದರಿಗಳಾಗಿವೆ.

4. ಮರಗಳು ಮತ್ತು ಸಮುದಾಯ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976ರ ಅನ್ವಯ ಪ್ರಾಧಿಕಾರದ ಬಡಾವಣೆಗಳಲ್ಲಿ ಕನಿಷ್ಠ ಶೇ. 15 ಭೂಮಿಯನ್ನು ಉದ್ಯಾನ ಹಾಗೂ ಆಟದ ಮೈದಾನಗಳಿಗೆ, ಮತ್ತೆ ಶೇ. 10 ಭೂಮಿಯನ್ನು ನಾಗರಿಕ ಸೌಲಭ್ಯಗಳಿಗೆ ಕಾಯ್ದಿರಿಸಬೇಕು. ಅಳತೆಯಷ್ಟೇ ಮುಖ್ಯವಾದುದು ಸ್ಥಾನ. ಮೂಲೆಯಲ್ಲಿ ಉಳಿದ ತುಣುಕು ಭೂಮಿಗಿಂತ ಕಾಲುವೆಯ ಅಂಚಿನಲ್ಲಿ ಒಂದಾಗಿ ಸಾಗುವ ಹಸಿರು ಪಟ್ಟಿಯು ನೀರನ್ನು ಇಂಗಿಸುತ್ತದೆ, ಪಕ್ಷಿಗಳಿಗೆ ಆಸರೆಯಾಗುತ್ತದೆ, ಮಕ್ಕಳಿಗೆ ಶಾಲೆಯ ದಾರಿಯೂ ಆಗುತ್ತದೆ. ಹುಲ್ಲುಹಾಸಿನ ಬದಲು ಹೊಂಗೆ, ಬೇವು, ನೇರಳೆ, ಸಂಪಿಗೆ ಮೊದಲಾದ ನಮ್ಮ ನೆಲದ ಮರಗಳಿಗೆ ಆದ್ಯತೆ ನೀಡಬೇಕು. ಅಂಗಡಿ, ಶಾಲೆ, ಬಸ್ ನಿಲ್ದಾಣಗಳು ನೆರಳಿನಲ್ಲಿ ನಡೆದು ತಲುಪುವಷ್ಟು ಹತ್ತಿರವಿದ್ದರೆ ಪೆಟ್ರೋಲ್ ಉಳಿಯುತ್ತದೆ. ನೆರೆಹೊರೆಯವರ ಪರಿಚಯವೂ ಬೆಳೆಯುತ್ತದೆ. ಇಂಗುಬಾವಿಯ ಹೂಳು ತೆಗೆಸುವುದು, ತ್ಯಾಜ್ಯನೀರು ಶುದ್ಧೀಕರಣ ಘಟಕವನ್ನು ನಡೆಸುವುದು ಇಂತಹ ಪರಿಚಯವಿರುವ ಕಡೆ ಮಾತ್ರ ಬಹುಕಾಲ ಮುಂದುವರಿಯುವ ಕಾರ್ಯಗಳಾಗಿವೆ.

ನಿವೇಶನ ಖರೀದಿಸುವವರ ಗಮನಕ್ಕೆ

ಮುಂಗಡ ಹಣ ನೀಡುವ ಮೊದಲು ಅನುಮೋದಿತ ಬಡಾವಣೆ ನಕ್ಷೆಯನ್ನು ಕೇಳಿ ಪಡೆಯಿರಿ. ಅದರಲ್ಲಿ ಕೆಳಕಂಡ ಅಂಶಗಳನ್ನು ಪರಿಶೀಲಿಸಿ:

• ರಾಜಕಾಲುವೆ ಮತ್ತು ಕೆರೆಯ ಅಂಚು ಎಲ್ಲಿದೆ?
• ನಿವೇಶನದ ಉದ್ದನೆಯ ಗೋಡೆ ಯಾವ ದಿಕ್ಕಿಗೆ ಬರುತ್ತದೆ?
• ಉದ್ಯಾನಕ್ಕೆ ತೋರಿಸಿದ ಭೂಮಿ ಸ್ಥಳದಲ್ಲಿ ನಿಜಕ್ಕೂ ಇದೆಯೇ?
• ಮಳೆನೀರು ಎಲ್ಲಿ ಇಂಗುತ್ತದೆ, ಉಳಿದದ್ದು ಎಲ್ಲಿಗೆ ಹರಿಯುತ್ತದೆ?

ಸಾಧ್ಯವಾದರೆ ಮಳೆ ಬಂದ ಮರುದಿನವೇ ಸ್ಥಳಕ್ಕೆ ಭೇಟಿ ನೀಡುವುದು ಒಳಿತು. ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಈ ಪ್ರಶ್ನೆಗಳನ್ನು ಕೇಳಿ, ಮುಂದಿನ ಪೀಳಿಗೆಗೆ ತಂಪಾದ, ನೀರುಳ್ಳ ನೆರೆಹೊರೆಯನ್ನು ಉಳಿಸಿಕೊಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.