ಸುವಾರ್ತಾ ಕ್ರೈಸ್ತರು ಏನನ್ನು ನಂಬುತ್ತಾರೆ?

ಕೆಲವು ವರ್ಷಗಳ ಹಿಂದಿನ ಮಾತು. ಮಧುಗಿರಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಮ್ಮ ಮನೆ’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ ಹೀಗೆ ಬರೆದಿದ್ದ: ‘ನಮ್ಮ ತಂದೆ ರಕ್ಷಣೆ ಹೊಂದಿದ ಮೇಲೆ ಕುಡಿಯುವುದನ್ನು ಬಿಟ್ಟರು.’ ಪಂಡಿತ ಪರೀಕ್ಷೆ ಮಾಡಿದವನ ಕೈಯಲ್ಲಿ ಕೆಂಪು ಮಸಿಯ ಪೆನ್ನಿದ್ದರೆ ಅದು ಸುಮ್ಮನಿರುವುದಿಲ್ಲ. ‘ರಕ್ಷಣೆ ಹೊಂದಿದ’ ಎಂಬುದರ ಕೆಳಗೆ ಗೆರೆಯೆಳೆದು, ‘ಯಾವುದರಿಂದ? ವಾಕ್ಯ ಅಪೂರ್ಣ’ ಎಂದು ಬರೆದು ಅರ್ಧ ಅಂಕ ಕಳೆದುಬಿಟ್ಟೆ.

ಮರುದಿನ ಹುಡುಗನ ತಂದೆ ಶಾಲೆಯ ಬಾಗಿಲಲ್ಲಿ ಬಂದು ನಿಂತರು. ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸ ಮಾಡುವವರು, ಜಗಳಕ್ಕೆ ಬಂದವರಲ್ಲ. ‘ಅರ್ಧ ಮಾರ್ಕಿನ ಮಾತಲ್ಲ ಮೇಷ್ಟ್ರೇ. ನಮ್ಮ ಮನೇಲಿ ದಿನಾ ಆಡೋ ಮಾತಿಗೆ ನೀವು ತಪ್ಪು ಅಂತ ಗೀಟು ಎಳೆದಿದ್ದೀರಿ. ಹುಡುಗ ರಾತ್ರಿ ಊಟ ಮಾಡಲಿಲ್ಲ’ ಎಂದರು. ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ತನ್ನ ಊರಿನಲ್ಲಿಯೇ ಆಡುವ ಒಂದು ಬಗೆಯ ಕನ್ನಡ ತಿಳಿದಿರಲಿಲ್ಲವೆಂಬುದು ಅಂದು ನನಗೆ ಮನವರಿಕೆಯಾಯಿತು. ಅಲ್ಲಿಂದ ಮುಂದೆ ಆ ಮಾತುಗಳ ಅರ್ಥವನ್ನು ಕೇಳಿಯೂ ಓದಿಯೂ ತಿಳಿದುಕೊಂಡೆ. ನಾನು ಆ ಮತದವನಲ್ಲ. ಆದರೂ ನೆರೆಮನೆಯವರ ನಂಬಿಕೆ ಏನೆಂಬುದನ್ನು ಅವರ ಮಾತಿನಲ್ಲಿಯೇ ತಿಳಿಯುವುದು ಒಳ್ಳೆಯದಲ್ಲವೆ? ವಾಚಕರೇ, ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಹೆಸರಿನಿಂದಲೇ ತೊಡಗೋಣ. ಗ್ರೀಕ್ ಭಾಷೆಯಲ್ಲಿ ‘ಎವಾಂಗೆಲಿಯೊನ್’ ಎಂಬ ಪದವುಂಟು. ‘ಎವ್’ ಎಂದರೆ ಒಳ್ಳೆಯ, ‘ಆಂಗೆಲಿಯ’ ಎಂದರೆ ಸುದ್ದಿ. ನಮ್ಮ ಬೈಬಲ್ ಭಾಷಾಂತರಕಾರರು ಅದನ್ನು ‘ಸುವಾರ್ತೆ’ ಎಂದರು. ಉಪಸರ್ಗಕ್ಕೆ ಉಪಸರ್ಗ, ಪದಕ್ಕೆ ಪದ ಸರಿಹೊಂದಿದ ಇಂಥ ಭಾಷಾಂತರ ಅಪರೂಪ. ಪಾವಗಡದ ಗಡಿಯಲ್ಲಿ ತೆಲುಗು ಆಡುವವರೂ ‘ಸುವಾರ್ತ’ ಎಂದೇ ಹೇಳುತ್ತಾರೆ. ಈ ಸುವಾರ್ತೆಯನ್ನೇ ಬಾಳಿನ ಕೇಂದ್ರವೆಂದು ಎಣಿಸುವ ಪ್ರೊಟೆಸ್ಟೆಂಟ್ ಕ್ರೈಸ್ತರನ್ನು ಇವಾಂಜೆಲಿಕಲ್ ಅಥವಾ ಸುವಾರ್ತಾ ಕ್ರೈಸ್ತರೆನ್ನುತ್ತಾರೆ. ಇದು ಒಂದೇ ಸಭೆಯ ಹೆಸರಲ್ಲ. ಅನೇಕ ಸಭೆಗಳ ಒಳಗೆ ಹರಿಯುವ ಒಂದು ಧೋರಣೆ.

ಇದರ ಬೇರು ೧೫೧೭ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು ಆರಂಭಿಸಿದ ಸುಧಾರಣೆಯಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿ ಮೊದಲಾದವರಿಂದ ಅದಕ್ಕೆ ಹೊಸ ಚೇತನ ಬಂದಿತು. ವೆಸ್ಲಿಯ ಅನುಯಾಯಿಗಳ ಮಿಷನ್ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ೧೮೩೭ರಲ್ಲಿ ನೆಲೆಯೂರಿತು. ಅದಕ್ಕೂ ಮೊದಲೇ, ೧೮೧೦ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದರು. ಅವರೂ ವಿಲಿಯಂ ರೀವ್ ಅವರೂ ದುಡಿದುದರ ಫಲವಾಗಿ ೧೮೩೧ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಸಿದ್ಧವಾಯಿತು. ಮುಂದೆ ೧೯೪೭ರ ಸೆಪ್ಟೆಂಬರ್ ೨೭ರಂದು ಮೆಥಡಿಸ್ಟ್, ಆಂಗ್ಲಿಕನ್ ಮತ್ತಿತರ ಸಭೆಗಳು ಒಂದಾಗಿ ದಕ್ಷಿಣ ಇಂಡಿಯಾ ಸಭೆಯಾಯಿತು. ಅದರ ಹೊರಗೆ ಬ್ಯಾಪ್ಟಿಸ್ಟರೂ ಪೆಂತೆಕೊಸ್ತಿನವರೂ ಸ್ವತಂತ್ರ ಸಭೆಗಳವರೂ ಉಂಟು. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಎಲ್ಲ ಪಂಗಡಗಳ ಕ್ರೈಸ್ತರೂ ಸೇರಿ ನೂರಕ್ಕೆ ೧.೮೭ರಷ್ಟು ಮಾತ್ರ. ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳಲ್ಲಿ ಅವರ ಮಾತು ನಮ್ಮ ಕಿವಿಗೆ ಹೆಚ್ಚು ಬೀಳದಿರುವುದು ಆಶ್ಚರ್ಯವಲ್ಲ.

ರೋಮನ್ ಕ್ಯಾಥೊಲಿಕರೂ ಸುವಾರ್ತಾ ಕ್ರೈಸ್ತರೂ ಬೇರೆ ಬೇರೆ ಎಂದು ಮಾತ್ರ ಕೇಳಿದವರು ಮೂಲದಲ್ಲಿ ಇಬ್ಬರಿಗೂ ಸಮಾನವಾದುದನ್ನು ಮರೆಯಬಾರದು. ದೇವರೊಬ್ಬನೇ, ಆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೈಕ್ಯ. ಯೇಸುಕ್ರಿಸ್ತನು ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯ. ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದನು. ನ್ಯಾಯತೀರಿಸಲು ಮತ್ತೆ ಬರುವನು. ೩೨೫ರ ನೈಸೀಯ ಮಹಾಸಭೆ ಮೊದಲಾದ ಪ್ರಾಚೀನ ಸಭೆಗಳಲ್ಲಿ ರೂಪುಗೊಂಡ ಈ ಪ್ರಮಾಣಗಳನ್ನು ಇಬ್ಬರೂ ಒಪ್ಪುತ್ತಾರೆ. ಸಿರಾದ ನಮ್ಮ ಮುಸಲ್ಮಾನ ನೆರೆಯವರೂ ಈಸಾ ಎಂದು ಯೇಸುವನ್ನು ಗೌರವಿಸುತ್ತಾರೆ. ಆದರೆ ಪ್ರವಾದಿಯೆಂದು, ದೇವರೆಂದಲ್ಲ. ಹಿಂದೂಗಳಾದ ನಾವು ಅವನನ್ನು ಒಬ್ಬ ಸಿದ್ಧಪುರುಷನೆಂದೋ ಇನ್ನೊಂದು ಅವತಾರವೆಂದೋ ಸೇರಿಸಿಕೊಳ್ಳಲು ಸಿದ್ಧರು. ಕ್ರೈಸ್ತರ ನಂಬಿಕೆ ಈ ಎರಡಕ್ಕೂ ಹೊಂದುವುದಿಲ್ಲ. ಯುಗಯುಗಕ್ಕೂ ಬರುವ ಅವತಾರವಲ್ಲ, ಚರಿತ್ರೆಯಲ್ಲಿ ಒಂದೇ ಸಲ ನಡೆದ ಘಟನೆ ಎಂಬುದು ಅವರ ನಿಲುವು.

ಹಾಗಾದರೆ ಸುವಾರ್ತಾ ಕ್ರೈಸ್ತರ ವಿಶೇಷವೇನು? ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬ್ಬಿಂಗ್ಟನ್ ೧೯೮೯ರಲ್ಲಿ ನಾಲ್ಕು ಗುರುತುಗಳನ್ನು ಎಣಿಸಿದರು: ಗ್ರಂಥ, ಶಿಲುಬೆ, ಪರಿವರ್ತನೆ, ಸೇವೆಯ ಉತ್ಸಾಹ. ಒಂದೊಂದಾಗಿ ನೋಡೋಣ.

ಮೊದಲನೆಯದು ಗ್ರಂಥ. ಕನ್ನಡದ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಬೈಬಲ್ಲಿಗೆ ‘ಸತ್ಯವೇದ’ ಎಂದು ಹೆಸರು. ಹಳೆಯ ಒಡಂಬಡಿಕೆಯ ೩೯, ಹೊಸ ಒಡಂಬಡಿಕೆಯ ೨೭, ಒಟ್ಟು ೬೬ ಪುಸ್ತಕಗಳು. ನಂಬಿಕೆ ನಡತೆಗಳೆರಡಕ್ಕೂ ಇದೇ ಕೊನೆಯ ಪ್ರಮಾಣ. ಗುರುಗಳ ಮಾತಾಗಲಿ ಪರಂಪರೆಯಾಗಲಿ ಇದರ ಒರೆಗಲ್ಲಿಗೆ ಬರಬೇಕು. ಆದುದರಿಂದಲೇ ಓದುಬರಹಕ್ಕೆ ಅವರಲ್ಲಿ ಅಷ್ಟು ಬೆಲೆ. ಕೂಲಿ ಮಾಡುವವನೂ ತನ್ನ ಭಾಷೆಯಲ್ಲಿ ಗ್ರಂಥವನ್ನು ಓದಬೇಕು, ಪಾದ್ರಿಯ ಬಾಯಿಂದ ಕೇಳಿದರಷ್ಟೆ ಸಾಲದು. ಅಕ್ಷರಕ್ಷರವೂ ಹಾಗೆಯೇ ಎಂದು ಹೇಳುವವರೂ, ಕಾವ್ಯವನ್ನು ಕಾವ್ಯವಾಗಿ ಇತಿಹಾಸವನ್ನು ಇತಿಹಾಸವಾಗಿ ಓದಬೇಕೆನ್ನುವವರೂ ಅವರೊಳಗೆ ಇದ್ದಾರೆ.

ಎರಡನೆಯದು ಶಿಲುಬೆ. ಇದನ್ನು ತಿಳಿಯಲು ‘ಪಾಪ’ ಎಂಬ ಪದದ ಬಳಿ ತುಸು ನಿಲ್ಲಬೇಕು. ಪಾಪಪುಣ್ಯಗಳೆಂದರೆ ನಮಗೆ ಲೆಕ್ಕದ ಪುಸ್ತಕ ನೆನಪಾಗುತ್ತದೆ. ಈ ಜನ್ಮದ ಬಾಕಿಯನ್ನು ಮುಂದಿನ ಜನ್ಮದಲ್ಲಿ ತೀರಿಸಬಹುದು. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಹಮಾರ್ತಿಯ’. ಬಿಟ್ಟ ಬಾಣ ಗುರಿತಪ್ಪುವುದು ಎಂಬುದು ಅದರ ಮೂಲಾರ್ಥ. ಪಾಪವೆಂದರೆ ಬರಿಯ ಕೆಟ್ಟ ಕೆಲಸಗಳ ಪಟ್ಟಿಯಲ್ಲ, ದೇವರಿಗೆ ಬೆನ್ನು ತಿರುಗಿಸಿ ನಿಂತ ಮನುಷ್ಯನ ಸ್ಥಿತಿ. ಅದು ಎಲ್ಲರಲ್ಲಿಯೂ ಇದೆ. ಕುಲ, ವಿದ್ಯೆ, ದಾನಧರ್ಮ ಯಾವುದೂ ಅದರಿಂದ ಬಿಡಿಸಲಾರದು. ‘ಯಾವುದರಿಂದ ರಕ್ಷಣೆ?’ ಎಂಬ ನನ್ನ ಕೆಂಪು ಮಸಿಯ ಪ್ರಶ್ನೆಯನ್ನು ಅಂದು ಆ ತಂದೆಯ ಬಾಯಿಂದಲೇ ಕೇಳಿ ತಿಳಿಯೋಣವೆಂದು ಕೇಳಿದೆ. ‘ನನ್ನಿಂದಲೇ, ಮೇಷ್ಟ್ರೇ’ ಎಂದರು. ಇದಕ್ಕಿಂತ ಚೆನ್ನಾದ ಉತ್ತರವನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ.

ಈ ಬಾಕಿಯನ್ನು ಕ್ರಿಸ್ತನು ತನ್ನ ಮೇಲೆ ಹೊತ್ತುಕೊಂಡು ನಮ್ಮ ಬದಲಿಗೆ ಸತ್ತನೆಂಬುದು ಸುವಾರ್ತೆಯ ತಿರುಳು. ಮಳೆ ಕೈಕೊಟ್ಟ ವರ್ಷ ಸಾಲಕ್ಕೆ ಜಾಮೀನು ನಿಂತವನ ಪಾಡು ಪಾವಗಡ, ಸಿರಾ ಸೀಮೆಯ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಸಾಲಗಾರನಿಂದ ತೀರದಾಗ ಜಾಮೀನುದಾರನು ತನ್ನ ಹೊಲವನ್ನು ಮಾರಿಯಾದರೂ ಕಟ್ಟುತ್ತಾನೆ. ಆದರೆ ಈ ಉಪಮೆಯನ್ನು ಹೆಚ್ಚು ಎಳೆಯಬಾರದು. ಇಲ್ಲಿ ಸಾಲ ಕೊಟ್ಟವನೂ ಜಾಮೀನು ನಿಂತವನೂ ಒಬ್ಬ ದೇವರೇ, ಪ್ರೀತಿಯಿಂದಲೇ ಹಾಗೆ ಮಾಡಿದನು, ಎಂದು ಅವರು ಹೇಳುತ್ತಾರೆ.

ಮೂರನೆಯದು ಪರಿವರ್ತನೆ. ತೀರಿದ ಸಾಲದ ರಸೀದಿಯನ್ನು ಕೈಚಾಚಿ ತೆಗೆದುಕೊಳ್ಳುವುದೇ ನಂಬಿಕೆ. ಒಳ್ಳೆಯ ಕೆಲಸಗಳಿಂದ ರಕ್ಷಣೆಯಲ್ಲ, ಕೃಪೆಯಿಂದ. ಒಳ್ಳೆಯ ಕೆಲಸಗಳು ಮರವಲ್ಲ, ಫಲ. ಕೃಪೆಯ ಮಾತು ನಮಗೆ ಹೊಸದೇನಲ್ಲ. ಶ್ರೀವೈಷ್ಣವರಲ್ಲಿ ತೆಂಗಲೆಯವರದು ಮಾರ್ಜಾಲಕಿಶೋರ ನ್ಯಾಯ: ತಾಯಿಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಹೋಗುತ್ತದೆ. ವಡಗಲೆಯವರದು ಮರ್ಕಟಕಿಶೋರ ನ್ಯಾಯ: ಮರಿಕೋತಿ ತಾಯಿಯನ್ನು ತಬ್ಬಿಕೊಂಡಿರಬೇಕು. ಇದನ್ನು ಹೋಲುವ ಚರ್ಚೆ ಕ್ರೈಸ್ತರಲ್ಲಿಯೂ ನಡೆಯಿತು. ಕೃಪೆಗೆ ಪಾತ್ರರಾಗುವವರನ್ನು ದೇವರೇ ಮೊದಲು ಆರಿಸಿದ್ದಾನೆಂದು ಜಾನ್ ಕ್ಯಾಲ್ವಿನನ ಪಂಥ. ಕೃಪೆ ಎಲ್ಲರಿಗೂ ಒಡ್ಡಲ್ಪಟ್ಟಿದೆ, ಸ್ವೀಕರಿಸಲೂ ತಿರಸ್ಕರಿಸಲೂ ಮನುಷ್ಯನಿಗೆ ಬಿಟ್ಟಿದೆಯೆಂದು ವೆಸ್ಲಿಯ ಪಂಥ. ಗುಬ್ಬಿಗೆ ಬಂದದ್ದು ಈ ಎರಡನೆಯದು.

ಹೀಗೆ ನಂಬಿದವನು ‘ಹೊಸದಾಗಿ ಹುಟ್ಟಿದನು’ ಎನ್ನುತ್ತಾರೆ. ನಮ್ಮವರು ಎಡವುವುದು ಇಲ್ಲಿಯೇ. ಇದು ಪುನರ್ಜನ್ಮವಲ್ಲ, ಕ್ರೈಸ್ತಮತದಲ್ಲಿ ಪುನರ್ಜನ್ಮಕ್ಕೆ ಎಡೆಯಿಲ್ಲ. ಇದೇ ದೇಹದಲ್ಲಿ, ಇದೇ ಊರಿನಲ್ಲಿ ಒಳಗಿನ ಮನುಷ್ಯ ಬದಲಾಗುವುದು. ವೆಸ್ಲಿ ಪಾದ್ರಿಯಾಗಿ, ಅಮೆರಿಕದ ಜಾರ್ಜಿಯದಲ್ಲಿ ಮತಸೇವೆ ಮಾಡಿ ಬಂದಿದ್ದರೂ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ೧೭೩೮ರ ಮೇ ೨೪ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಲೂಥರನ ಬರಹವೊಂದನ್ನು ಓದುತ್ತಿದ್ದುದನ್ನು ಕೇಳುತ್ತಿದ್ದಾಗ, ತನ್ನ ಪಾಪವೂ ಕ್ಷಮಿಸಲ್ಪಟ್ಟಿತೆಂಬ ಭರವಸೆ ಆತನಿಗೆ ಬಂದಿತು. ಇಂಥ ಅನುಭವವನ್ನು ಸಭೆಯ ಮುಂದೆ ಹೇಳಿಕೊಳ್ಳುವುದಕ್ಕೆ ‘ಸಾಕ್ಷಿ’ ಎಂದು ಹೆಸರು. ಎಲ್ಲರಿಗೂ ಇಂತಹ ಒಂದು ದಿನವೇ ನೆನಪಿರಬೇಕೆಂದಿಲ್ಲ; ಮೆಲ್ಲನೆ ಬೆಳಗಾದವರೂ ಉಂಟು.

ನಾಲ್ಕನೆಯದು ಸೇವೆಯ ಉತ್ಸಾಹ. ಒಳ್ಳೆಯ ಸುದ್ದಿಯನ್ನು ಮುಚ್ಚಿಟ್ಟುಕೊಂಡವನು ಅದನ್ನು ನಂಬಿದಂತಾಗಲಿಲ್ಲವೆಂಬುದು ಅವರ ತರ್ಕ. ಶಾಲೆ, ಆಸ್ಪತ್ರೆ, ಮುದ್ರಣಾಲಯಗಳು ಹುಟ್ಟಿದ್ದು ಈ ಉತ್ಸಾಹದಿಂದ. ಕನ್ನಡ ಪಂಡಿತನಾದ ನಾನು ಈ ಋಣವನ್ನು ಮರೆಯಲಾರೆ. ರೀವ್ ನಿಘಂಟನ್ನು ಕೊಟ್ಟರು. ಬಾಸೆಲ್ ಮಿಷನ್ನಿನ ಕಿಟ್ಟೆಲ್ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, ೧೮೯೪ರಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇಂದಿಗೂ ನನ್ನ ಮೇಜಿನ ಮೇಲಿದೆ. ಸಿರಾ, ಮಧುಗಿರಿ, ಪಾವಗಡಗಳ ಶಾಸನಗಳನ್ನು ೧೯೦೪ರ ತುಮಕೂರು ಜಿಲ್ಲೆಯ ಸಂಪುಟದಲ್ಲಿ ಅಚ್ಚುಹಾಕಿಸಿದ ಬಿ. ಎಲ್. ರೈಸ್ ಅವರು ಲಂಡನ್ ಮಿಷನ್ ಪಾದ್ರಿಯೊಬ್ಬರ ಮಗ.

ಆದರೆ ನಮ್ಮಲ್ಲಿ ಅನೇಕರಿಗೆ ಮುಳ್ಳು ಚುಚ್ಚುವುದೂ ಈ ನಾಲ್ಕನೆಯದರಲ್ಲಿಯೇ. ರಕ್ಷಕನು ಕ್ರಿಸ್ತನೊಬ್ಬನೇ, ಬೇರೆ ದಾರಿಯಿಲ್ಲವೆನ್ನುತ್ತಾರೆ. ದಾರಿ ಹಲವು, ಬೆಟ್ಟದ ತುದಿ ಒಂದು ಎಂದು ಕೇಳಿ ಬೆಳೆದ ಕಿವಿಗೆ ಇದು ಕಠೋರ. ನನಗೂ ಒಪ್ಪಿಗೆಯಿಲ್ಲ. ಆದರೂ ಇದನ್ನು ಬರಿಯ ಅಹಂಕಾರವೆಂದು ತಳ್ಳಿಹಾಕುವ ಮುನ್ನ ಅವರ ವಾದವನ್ನು ಕೇಳಬೇಕು: ಸಾಲ ಎಲ್ಲರದೂ ಆಗಿ, ತೀರಿಸಿದವನೊಬ್ಬನೇ ಆಗಿದ್ದರೆ, ಆ ಹೆಸರನ್ನು ಹೇಳದಿರುವುದು ನಿರ್ದಯೆಯಲ್ಲವೆ? ಈ ವಾದವನ್ನು ಒಪ್ಪದೆಯೂ ಅದರ ಹಿಂದಿರುವ ಕಳಕಳಿಯನ್ನು ಅರಿಯಬಹುದು. ಇನ್ನೊಬ್ಬರ ದೇವರನ್ನು ಹಳಿದು ಮಾತನಾಡುವ ಬೋಧಕರಿಂದ ನೋವಾಗಿರುವುದು ಸುಳ್ಳಲ್ಲ. ಆದರೆ ಆ ಹಳಿಕೆ ಸುವಾರ್ತೆಯ ಅಂಗವಲ್ಲವೆಂದು ಅವರಲ್ಲಿಯೇ ತಿಳಿದವರು ಹೇಳುತ್ತಾರೆ. ಅವರ ಸಿದ್ಧಾಂತವನ್ನೇ ಹಿಡಿದು ನೋಡಿದರೆ ಒತ್ತಾಯದಿಂದಲೋ ಆಮಿಷದಿಂದಲೋ ಬಂದ ನಂಬಿಕೆ ನಂಬಿಕೆಯೇ ಅಲ್ಲ. ನಮ್ಮ ಸಂವಿಧಾನದ ೨೫ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು ಎಲ್ಲರಿಗೂ ಅಂತಃಕರಣದ ಸ್ವಾತಂತ್ರ್ಯವನ್ನೂ, ತಮ್ಮ ಮತವನ್ನು ಆಚರಿಸಿ ಪ್ರಚಾರಮಾಡುವ ಹಕ್ಕನ್ನೂ ಕೊಟ್ಟಿದೆ. ಕೇಳಿ ‘ಬೇಡ’ ಎನ್ನುವ ಸ್ವಾತಂತ್ರ್ಯವೂ ಅದರಲ್ಲಿಯೇ ಅಡಗಿದೆ.

ಅವರೊಳಗೆ ಭಿನ್ನಾಭಿಪ್ರಾಯಗಳಿಗೆ ಕೊರತೆಯಿಲ್ಲ. ದಕ್ಷಿಣ ಇಂಡಿಯಾ ಸಭೆಯವರು ಹಸುಗೂಸುಗಳಿಗೂ ದೀಕ್ಷಾಸ್ನಾನ ಕೊಡುತ್ತಾರೆ. ಬ್ಯಾಪ್ಟಿಸ್ಟರು ನಂಬಿಕೆಯನ್ನು ಬಾಯಿಂದ ಹೇಳಬಲ್ಲವರಿಗೆ ಮಾತ್ರ, ಅದೂ ನೀರಿನಲ್ಲಿ ಪೂರ್ತಿ ಮುಳುಗಿಸಿ. ರೋಗ ವಾಸಿಮಾಡುವುದು, ಅನ್ಯಭಾಷೆಗಳಲ್ಲಿ ಮಾತನಾಡುವುದು ಮೊದಲಾದ ಪವಿತ್ರಾತ್ಮನ ವರಗಳಿಗೆ ಪೆಂತೆಕೊಸ್ತಿನವರು ಒತ್ತು ಕೊಡುತ್ತಾರೆ. ಕ್ರಿಸ್ತನು ಮತ್ತೆ ಬರುವನೆಂಬುದರಲ್ಲಿ ಒಮ್ಮತ. ಹೇಗೆ, ಯಾವ ಕ್ರಮದಲ್ಲಿ ಎಂಬುದರಲ್ಲಿ ವಾದ.

ಇನ್ನು ನನ್ನ ತಪ್ಪಿನ ಮಾತು. ಆ ತಂದೆ ಹೋದ ಮೇಲೆ ಹುಡುಗನನ್ನು ಕರೆದು ಪುಸ್ತಕ ತರಿಸಿ, ಗೆರೆಯನ್ನು ಹೊಡೆದುಹಾಕಿ ಅರ್ಧ ಅಂಕವನ್ನು ಮರಳಿ ಕೊಟ್ಟೆ. ‘ವಾಕ್ಯ ಸರಿಯಾಗಿದೆಯಪ್ಪ, ಓದಿದವನಿಗೆ ತಿಳಿಯಲಿಲ್ಲ ಅಷ್ಟೆ’ ಎಂದೆ. ‘ಹಾಗಾದರೆ ಇನ್ನೊಂದು ಸಾಲು ಸೇರಿಸಲಾ ಸಾರ್?’ ಎಂದು ಕೇಳಿದ. ಸೇರಿಸು ಎಂದೆ. ತಂದೆ ಕುಡಿಯುವುದನ್ನು ಬಿಟ್ಟ ಮೇಲೆ ಅಮ್ಮ ರಾತ್ರಿ ಬಾಗಿಲ ಬಳಿ ಕಾಯುವುದಿಲ್ಲವೆಂದು ಬರೆದ.

ಬರುವ ಡಿಸೆಂಬರಿನಲ್ಲಿ ನಿಮ್ಮ ಮನೆಯ ರೇಡಿಯೋದಲ್ಲಿ ಕ್ರಿಸ್ಮಸ್ ಗೀತೆ ಕೇಳಿಬಂದಾಗ, ನಿಮ್ಮ ಬೀದಿಯಲ್ಲಿ ಅಂಥದೊಂದು ಮನೆಯಿದ್ದರೆ ಹೋಗಿ ಮಾತನಾಡಿಸಿ. ಅವರ ನಂಬಿಕೆಯನ್ನು ಒಪ್ಪಬೇಕೆಂದೇನೂ ಇಲ್ಲ. ಅವರ ಕನ್ನಡ ಅರ್ಥವಾದರೆ ಸಾಕು.